‘ಎನ್.’ ಒಳಗೆ ಅಡಗಿದ್ದ ನೀರುಗಂಟಿ

ನಮ್ಮ ಮನೆಯಲ್ಲಿ ಮೂರು ತಲೆಮಾರಿನ ಹೆಸರು ಮೂರು ಥರ ಇದೆ. ತಾತನ ಹೆಸರಿನ ಮುಂದೆ ‘ನೀರುಗಂಟಿ’ ಅಂತ ಪೂರ್ತಿ ಇತ್ತು. ಅಪ್ಪನ ಕಾಲಕ್ಕೆ ಅದು ಬರೀ ‘ಎನ್.’ ಆಯಿತು. ನನಗೆ ಊರಿನ ಒಂದು ಅಕ್ಷರ, ಅಪ್ಪನ ಹೆಸರಿನ ಒಂದು ಅಕ್ಷರ ಬಂದವು. ನೀರುಗಂಟಿ ಬರಲೇ ಇಲ್ಲ.

ಮಗಳ ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ‘ಸರ್‌ನೇಮ್’ ಅನ್ನುವ ಖಾನೆ ಎದುರಾಯಿತು. “ಅಪ್ಪ, ನಮಗೆ ಮನೆಹೆಸರೇ ಇಲ್ವಾ?” ಅಂದಳು. ಇತ್ತು ಅಂದೆ. “ಎಲ್ಲಿ ಹೋಯ್ತು?” ಅಂದಳು. ಅವತ್ತು ಆ ಅರ್ಜಿಯನ್ನು ಹೇಗೋ ತುಂಬಿ ಕಳಿಸಿದೆವು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆಮೇಲೆ ಎರಡು ವರ್ಷ, ರಜೆ ಸಿಕ್ಕಾಗಲೆಲ್ಲ, ಈ ಒಂದು ಪದದ ಹಿಂದೆ ಓಡಾಡಿದೆ. ನಾನಿರೋದು ಮೈಸೂರಿನಲ್ಲಿ. ಊರು ಮಂಡ್ಯ ಜಿಲ್ಲೆಯಲ್ಲಿ, ಪಾಂಡವಪುರದ ಕಡೆ. ಎರಡರ ನಡುವೆ ಎಷ್ಟು ಸಲ ಬಸ್ ಹತ್ತಿದೆನೋ ಲೆಕ್ಕ ಇಟ್ಟಿಲ್ಲ.

ನೀರುಗಂಟಿ ಅಂದರೆ ಏನು ಅಂತ ಹಳ್ಳಿಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವವನು. ಯಾವ ಗದ್ದೆಗೆ ಎಷ್ಟು ಹೊತ್ತು, ಯಾವ ಮಡೆ ಮೊದಲು, ಯಾವುದು ಆಮೇಲೆ ಅನ್ನೋದು ಅವನ ಲೆಕ್ಕ. ಮಳೆಗಾಲದಲ್ಲಿ ಏರಿ ಕಾಯಬೇಕು, ಕೋಡಿ ನೋಡಬೇಕು. ಬರ ಬಂದಾಗ ಇರೋ ನೀರನ್ನು ಕೊನೆಯ ಗದ್ದೆಯವರೆಗೂ ಮುಟ್ಟಿಸಬೇಕು. ರಾತ್ರಿ ಲಾಟೀನು ಹಿಡಿದು ಕಾಲುವೆ ಉದ್ದಕ್ಕೂ ನಡೆಯೋದು, ಕದ್ದು ಮಡೆ ತಿರುಗಿಸಿದವರನ್ನು ತಡೆಯೋದು, ಇವೂ ಅವನ ಕೆಲಸವೇ. ಇದಕ್ಕೆ ಸಂಬಳ ಇರಲಿಲ್ಲ. ಸುಗ್ಗಿಯಲ್ಲಿ ಒಕ್ಕಲು ಮನೆಗಳಿಂದ ‘ಆಯ’ ಅಂತ ದವಸದ ಪಾಲು ಬರುತ್ತಿತ್ತು. ಎಷ್ಟೋ ಊರುಗಳಲ್ಲಿ ಇನಾಮಿನ ಒಂದು ತುಂಡು ಜಮೀನೂ ಇರುತ್ತಿತ್ತು.

ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ, ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಇತಿಹಾಸದ ಪುಸ್ತಕದಲ್ಲಿ ಹಳ್ಳಿಯ 12 ಆಯಗಾರರ ಪಟ್ಟಿ ಕೊಟ್ಟಿದ್ದಾನೆ. ಗೌಡ, ಶಾನುಭೋಗ, ತಳವಾರ, ತೋಟಿ ಆದಮೇಲೆ ನೀರುಗಂಟಿ ಬರುತ್ತಾನೆ. ಜೋಯಿಸ, ಕಮ್ಮಾರ, ಬಡಗಿ, ಕುಂಬಾರ ಎಲ್ಲ ಆಮೇಲೆ. ಮೊದಲ ಸಲ ಆ ಸಾಲು ಓದಿದಾಗ ನನಗೆ ಗಂಟಲು ಕಟ್ಟಿತು. ಇನ್ನೂರು ವರ್ಷದ ಹಿಂದಿನ ಪುಸ್ತಕದಲ್ಲಿ ನಮ್ಮ ತಾತನ ಕೆಲಸ, ಹೆಚ್ಚು ಕಡಿಮೆ ನಮ್ಮ ಅತ್ತೆ ವಿವರಿಸುವ ಹಾಗೇ ಇತ್ತು: ಕೆರೆ ತೊರೆಗಳ ನೀರನ್ನು ಗದ್ದೆಗಳಿಗೆ ನ್ಯಾಯವಾಗಿ ಹಂಚುವವನು.

ಈ ಕೆಲಸ ನಮ್ಮ ನಾಡಿಗೆ ಮಾತ್ರ ಸೇರಿದ್ದಲ್ಲ. ತಮಿಳುನಾಡಿನಲ್ಲಿ ನೀರ್‌ಕಟ್ಟಿ ಅಂತಾರೆ, ತೆಲಂಗಾಣದಲ್ಲಿ ನೀರಟಿ. ಶಬ್ದದ ಸದ್ದು ಹಿಡಿದು ಕಥೆ ಕಟ್ಟೋರೂ ಇದ್ದಾರೆ. ನೀರು ಬಿಡುವಾಗ ಗಂಟೆ ಬಾರಿಸುತ್ತಿದ್ದರು, ಅದಕ್ಕೇ ಗಂಟಿ ಅಂತ ನಮ್ಮೂರಲ್ಲೇ ಒಬ್ಬರು ಹೇಳಿದರು. ಬರೆದುಕೊಂಡೆ. ಆದರೆ ನಾನು ಹಿಡಿದದ್ದು ಕಾಗದದಲ್ಲಿರುವ ಕೆಲಸವನ್ನು ಮಾತ್ರ.

ಹುಡುಕಾಟ ಶುರು ಮಾಡಿದ್ದು ತಪ್ಪು ಕಡೆಯಿಂದ. ಫೋನಿನಲ್ಲಿ ‘ನೀರುಗಂಟಿ’ ಅಂತ ಬರೆದು ಹುಡುಕಿದೆ. ಬಂದದ್ದೆಲ್ಲ ಗ್ರಾಮ ಪಂಚಾಯಿತಿ ನೀರುಗಂಟಿಗಳ ಸುದ್ದಿ. ಈಗ ನಲ್ಲಿ ನೀರು ಬಿಡುವ ವಾಟರ್‌ಮ್ಯಾನ್‌ಗೂ ಅದೇ ಹೆಸರು ಉಳಿದಿದೆ. ಬಾಕಿ ವೇತನ, ಮುಷ್ಕರ, ಕನಿಷ್ಠ ಕೂಲಿ. ಕೆಲಸದ ಹೆಸರು ಯಾವುದು, ಮನೆಹೆಸರು ಯಾವುದು ಅಂತ ಬಿಡಿಸೋದೇ ಕಷ್ಟ. ಇಂಗ್ಲಿಷಿನಲ್ಲಿ ಹುಡುಕಿದರೆ ಇನ್ನೊಂದು ತೊಂದರೆ. ಒಬ್ಬರು ಎರಡು ‘ಇ’ ಹಾಕುತ್ತಾರೆ, ಒಬ್ಬರು ಒಂದು ‘ಐ’. ಕನ್ನಡದಲ್ಲೇ ನನಗೆ ಐದು ರೂಪ ಸಿಕ್ಕವು: ನೀರುಗಂಟಿ, ನೀರಗಂಟಿ, ನೀರ್ಗಂಟಿ, ನೀರುಘಂಟಿ, ನೀರಘಂಟಿ. ಅಪರೂಪದ ಹೆಸರು ಹುಡುಕುವವರು ಮೊದಲ ದಿನವೇ ಇಂಥ ರೂಪಗಳ ಪಟ್ಟಿ ಮಾಡಿ ಜೇಬಲ್ಲಿ ಇಟ್ಟುಕೊಳ್ಳಬೇಕು. ನಾನು ಮಾಡಲಿಲ್ಲ, ಮೂರು ತಿಂಗಳು ಹೋಯಿತು.

ಜನಗಣತಿಯಲ್ಲಿ ಸಿಗುತ್ತೆ ಅಂದುಕೊಂಡಿದ್ದೆ. 2011ರ ಗಣತಿ ಪ್ರಕಾರ ಮಂಡ್ಯ ಜಿಲ್ಲೆಯಲ್ಲಿ 18,05,769 ಜನ. ಅವರಲ್ಲಿ ಯಾರ ಮನೆಹೆಸರು ಏನು ಅಂತ ಗಣತಿ ಲೆಕ್ಕ ಕೊಡುವುದಿಲ್ಲ. 1948ರ ಜನಗಣತಿ ಕಾಯ್ದೆ ಪ್ರಕಾರ ಒಬ್ಬೊಬ್ಬರ ವಿವರ ಇರುವ ಹಾಳೆಯನ್ನು ಯಾರೂ ನೋಡುವ ಹಾಗೂ ಇಲ್ಲ. ಅದು ಸರಿಯೇ.

ಆಮೇಲೆ ಮತದಾರರ ಪಟ್ಟಿ. ಮತಗಟ್ಟೆವಾರು ಪಿಡಿಎಫ್ ಇಳಿಸಿಕೊಂಡೆ. ಪುಟಗಳೆಲ್ಲ ಚಿತ್ರದ ಥರ ಇವೆ, ಪದ ಬರೆದು ಹುಡುಕಿದರೆ ಸಿಗಲ್ಲ. ಕಣ್ಣಲ್ಲೇ ಓದಬೇಕು. ನಮ್ಮೂರು ಮತ್ತು ಸುತ್ತಲಿನ ಊರುಗಳ ಪಟ್ಟಿಯನ್ನು ರಾತ್ರಿ ಊಟ ಆದಮೇಲೆ ಒಂದೊಂದೇ ಹೆಸರು ಓದಿದೆ. ಅಲ್ಲಿ ಒಂದು ವಿಷಯ ಹೊಳೆಯಿತು. ನಮ್ಮ ಮತಗಟ್ಟೆಯಲ್ಲಿ ಮತದಾರರ ಸ್ವಂತ ಹೆಸರಿನಲ್ಲಿ ನೀರುಗಂಟಿ ಒಂದೂ ಇಲ್ಲ. ಆದರೆ ಪಕ್ಕದ ‘ತಂದೆ ಅಥವಾ ಗಂಡನ ಹೆಸರು’ ಅನ್ನುವ ಸಾಲಿನಲ್ಲಿ ಇದೆ. ಅದೂ ವಯಸ್ಸಾದ ಹೆಂಗಸರ ಎದುರಿಗೆ. ಅಂದರೆ ಈ ಹೆಸರು ಹೊತ್ತಿದ್ದ ಗಂಡಸರು ಹೋಗಿಬಿಟ್ಟಿದ್ದಾರೆ, ಅವರ ಹೆಂಡತಿ, ಹೆಣ್ಣುಮಕ್ಕಳ ಗುರುತಿನ ಚೀಟಿಯಲ್ಲಿ ಮಾತ್ರ ಹೆಸರು ಉಳಿದಿದೆ. ಇನ್ನು ಸ್ವಲ್ಪ ವರ್ಷ ಕಳೆದರೆ ಅದೂ ಇರಲ್ಲ ಅಂತ ಗೊತ್ತಾದಾಗ ನನಗೆ ಆತುರ ಹುಟ್ಟಿತು.

ಯಾಕೆ ಹೀಗಾಯಿತು? ಹಳೇ ಮೈಸೂರಿನಲ್ಲಿ ಮನೆಹೆಸರನ್ನು ಹೆಸರಿನ ಕೊನೆಗೆ ಹಾಕುವ ರೂಢಿ ಕಮ್ಮಿ. ನಮ್ಮದು ಇನಿಷಿಯಲ್ ನಾಡು. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಗಟ್ಟಿಯಾಗಿ ನಿಂತಿದ್ದಕ್ಕೆ ಕುಲಕರ್ಣಿ, ದೇಸಾಯಿ, ತಳವಾರ ಎಲ್ಲ ಉಳಿದವು. ನಮ್ಮಲ್ಲಿ ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಪೂರ್ತಿ ಪದವನ್ನು ಒಂದಕ್ಷರ ಮಾಡಿದರೆ ಮುಗಿಯಿತು. ಇದು ಒಂದು ಕಾರಣ. ಇನ್ನೊಂದು ಕಾರಣವನ್ನು ಹೇಳುವಾಗ ನನ್ನ ಅತ್ತೆ, ಅಂದರೆ ಅಪ್ಪನ ತಂಗಿ, ದನಿ ತಗ್ಗಿಸಿದರು. “ನೀರುಗಂಟಿ ಅಂದ್ರೆ ಯಾವ ಕೇರಿಯೋರು ಅಂತ ಕೇಳ್ದೇನೆ ಗೊತ್ತಾಗೋದು ಮಗ. ನಿಮ್ಮಪ್ಪ ಪೇಟೆಗೆ ಓದಕ್ಕೆ ಹೋಗೋವಾಗ ತಾನೇ ಬಿಟ್ಟ.” ನಮ್ಮ ಕಡೆ ತೋಟಿ, ನೀರುಗಂಟಿ ಕೆಲಸ ಹೆಚ್ಚಾಗಿ ದಲಿತರ ಮನೆಗಳಲ್ಲೇ ಇತ್ತು. ಹಾಸ್ಟೆಲಿನಲ್ಲಿ, ಬಾಡಿಗೆ ಮನೆ ಕೇಳುವಾಗ, ಹೆಸರೇ ಬಾಗಿಲು ಮುಚ್ಚಿಸಿಬಿಡುತ್ತಿತ್ತು. ಅಪ್ಪ ಯಾವತ್ತೂ ಇದನ್ನು ನನಗೆ ಹೇಳಿರಲಿಲ್ಲ. ಪಟೇಲ, ಶಾನುಭೋಗ ಅನ್ನೋವೂ ಇದೇ ಹಳ್ಳಿ ವ್ಯವಸ್ಥೆಯ ಕೆಲಸದ ಹೆಸರುಗಳೇ. ಅವನ್ನು ಜನ ಹೆಮ್ಮೆಯಿಂದ ಇಟ್ಟುಕೊಂಡರು. ನಮ್ಮವರು ಅಳಿಸಿಕೊಳ್ಳಬೇಕಾಯಿತು.

ಅದಕ್ಕೇ ಈ ಹೆಸರು ಅಪರೂಪ ಅಂದರೆ ನಾನು ಒಪ್ಪುವುದಿಲ್ಲ. ಹಳೇ ಮೈಸೂರು ಸಂಸ್ಥಾನದಲ್ಲಿ ಸುಮಾರು 38 ಸಾವಿರ ಕೆರೆಗಳಿದ್ದವು ಅಂತ 19ನೇ ಶತಮಾನದ ಲೆಕ್ಕ ಇದೆ. ತೂಬು ಎತ್ತುವವರಿಲ್ಲದೆ ಅಷ್ಟು ಕೆರೆಗಳ ನೀರು ಗದ್ದೆಗೆ ಹರಿಯಿತಾ? ಮನೆಗಳು ಇದ್ದವು, ಈಗಲೂ ಇವೆ. ಹೆಸರು ಮಾತ್ರ ಕಾಣುತ್ತಿಲ್ಲ. ಇದು ಅರ್ಥವಾದ ಮೇಲೆ ನಾನು ಹುಡುಕುವ ದಾರಿ ಬದಲಾಯಿಸಿದೆ. ಹೆಸರನ್ನು ಎಣಿಸೋದು ಬಿಟ್ಟು ಜಮೀನಿನ ಹಿಂದೆ ಹೋದೆ.

ಜಮೀನು ಯಾಕೆ ಅಂದರೆ, 1961ರಲ್ಲಿ ಮೈಸೂರು ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂತು. 1963ರ ಫೆಬ್ರವರಿ 1ರಿಂದ ಜಾರಿ ಆಯಿತು. ವಂಶಪಾರಂಪರ್ಯವಾಗಿ ಬಂದಿದ್ದ ಪಟೇಲ, ಶಾನುಭೋಗ, ತೋಟಿ, ತಳವಾರ, ನೀರುಗಂಟಿ ಹುದ್ದೆಗಳೆಲ್ಲ ಹೋದವು. ಆ ಹುದ್ದೆಗೆ ಅಂಟಿದ್ದ ಇನಾಂ ಜಮೀನು ಸರ್ಕಾರಕ್ಕೆ ಸೇರಿ, ಹಿಡುವಳಿದಾರರಿಗೆ ಮರುಮಂಜೂರು ಆಗಬೇಕಿತ್ತು. ಹಾಗೆ ಮರುಮಂಜೂರು ಆಗೋಕೆ ತಾನು ಯಾವ ಹುದ್ದೆಯವನು ಅಂತ ಅವನು ತೋರಿಸಲೇಬೇಕು. ಅಂದರೆ ಶಾಲೆ, ಆಸ್ಪತ್ರೆ, ಪಡಿತರ ಚೀಟಿ ಎಲ್ಲಾ ಕಡೆ ಅಳಿಸಿಹೋದ ಪದ ಈ ಒಂದು ಕಡತದಲ್ಲಿ ಮಾತ್ರ ಅಳಿಸುವ ಹಾಗಿರಲಿಲ್ಲ.

ಮೊದಲು ಈಗಿನ ಪಹಣಿ ತೆಗೆಸಿದೆ. 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 10ರಲ್ಲಿ ಆ ಹಕ್ಕು ಹೇಗೆ ಬಂತು ಅನ್ನೋದು. ಅಲ್ಲಿರುವ ಎಂ.ಆರ್. ನಂಬರ್, ಅಂದರೆ ಖಾತೆ ಬದಲಾವಣೆ ಬರೆದಿಡುವ ಮ್ಯುಟೇಶನ್ ಪುಸ್ತಕದ ನಂಬರ್, ಹಿಡಿದು ಹಿಂದೆ ಹೋಗಬೇಕು. ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿಸುವಾಗ ನಮ್ಮ ತಾತನ ಹೆಸರಿನ ಮುಂದಿನ ಪದ ಬಿಟ್ಟುಹೋಗಿತ್ತು. ಆದ್ದರಿಂದ ಕೈಬರಹದ ಪಹಣಿ, ಮ್ಯುಟೇಶನ್ ಪುಸ್ತಕ ಬೇಕಾಯಿತು. ರೆಕಾರ್ಡ್ ರೂಮಿಗೆ ಅರ್ಜಿ ಹಾಕಿದೆ. ಮೊದಲ ಸಲ ‘ಲಭ್ಯವಿಲ್ಲ’ ಅಂತ ಬರೆದುಕೊಟ್ಟರು. ನಾಲ್ಕು ತಿಂಗಳು ಬಿಟ್ಟು, ಬರೀ ಹೆಸರು ಹಾಕದೆ ಸರ್ವೆ ನಂಬರ್, ಊರು, ಹೋಬಳಿ, ಅಂದಾಜು ಇಸವಿ ಎಲ್ಲ ಹಾಕಿ ಮತ್ತೆ ಕೊಟ್ಟೆ. ಈ ಸಲ ಸಿಕ್ಕಿತು. ರೆಕಾರ್ಡ್ ರೂಮಿನಲ್ಲಿ ಕಡತ ಜೋಡಿಸಿರೋದು ಊರು ಮತ್ತು ಸರ್ವೆ ನಂಬರ್ ಪ್ರಕಾರ, ಮನುಷ್ಯರ ಹೆಸರಿನ ಪ್ರಕಾರ ಅಲ್ಲ. ಇದು ಮೊದಲೇ ಗೊತ್ತಿದ್ದರೆ ಒಂದು ಬೇಸಿಗೆ ಉಳಿಯುತ್ತಿತ್ತು. ಇನ್ನೊಂದು ಮಾತು. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಅದಕ್ಕೂ ಹಿಂದೆ ಇದೆಲ್ಲ ಮೈಸೂರು ಜಿಲ್ಲೆ. ಹಳೆಯ ಕಾಗದ ಹುಡುಕುವಾಗ ಜಿಲ್ಲೆ ಹೆಸರು ‘ಮಂಡ್ಯ’ ಅಂತ ಬರೆದರೆ ಸಿಗುವುದೂ ಸಿಗುವುದಿಲ್ಲ.

ಮರುಮಂಜೂರು ಕಡತದಲ್ಲಿ ತಾತನ ಹೆಸರು ಪೂರ್ತಿ ಇತ್ತು. ‘ನೀರುಗಂಟಿ ಇನಾಂತಿ’ ಅಂತ ಮಸಿಯಲ್ಲಿ ಬರೆದಿತ್ತು. ಕೆಳಗೆ ಮೂವರು ಅಣ್ಣತಮ್ಮಂದಿರ ಹೆಬ್ಬೆಟ್ಟು. ನಕಲು ಕೈಗೆ ಬಂದಾಗ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ತಾತನದು ಅಂತ ನಮ್ಮ ಹತ್ತಿರ ಒಂದು ಫೋಟೊ ಕೂಡ ಇಲ್ಲ. ಅವರ ಕೈಯ ಗುರುತು ಅಂತ ಇರೋದು ಅದೊಂದೇ.

ಅದನ್ನು ಅತ್ತೆಯ ಮುಂದೆ ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು. “ಮೂರ್ ಜನ ಅಲ್ಲ, ನಾಕು ಜನ” ಅಂದರು. ಒಬ್ಬ ಚಿಕ್ಕತಾತ ಇದ್ದರಂತೆ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ಕಬ್ಬಿನ ಕೆಲಸಕ್ಕೆ ಅಂತ ಹೋದವರು ಊರಿಗೆ ಮರಳಲಿಲ್ಲ. ಕೆಆರ್‌ಎಸ್ ಕಟ್ಟಿ ನಾಲೆ ಬಂದಮೇಲೆ ಗದ್ದೆಯ ನೀರು ಕೆರೆ ತೂಬಿನಿಂದ ನಾಲೆ ತೂಬಿಗೆ ಸರಿಯಿತು. ಆಗ ಇರ್ವಿನ್ ನಾಲೆ ಅನ್ನುತ್ತಿದ್ದರು, ಈಗ ವಿಶ್ವೇಶ್ವರಯ್ಯ ನಾಲೆ. ಅಲ್ಲಿ ನೀರು ಬಿಡುವವರು ಇಲಾಖೆಯ ನೌಕರರು. ಅವರನ್ನು ನಮ್ಮ ಕಡೆ ಸೌಡಿ ಅಂತಾರೆ. ನಮ್ಮೂರ ಕೆರೆ ಕೆಳಗಿನ ಬಯಲು ಕಿರಿದಾದಂತೆ ನೀರುಗಂಟಿ ಮನೆಯಲ್ಲಿ ನಾಲ್ವರಿಗೆ ಕೆಲಸ ಇರಲಿಲ್ಲ ಅಂತ ಅತ್ತೆ ಹೇಳಿದರು.

ಈ ನಾಲ್ಕನೇ ಕವಲನ್ನು ಹುಡುಕೋದೇ ಕಷ್ಟವಾಯಿತು. ನಮ್ಮ ಕೇರಿಗೆ ಹೆಳವರು ಬರುತ್ತಿರಲಿಲ್ಲ. ವಂಶ ಹಾಡಿ ಹೇಳುವವರು ನಮಗೆ ಇರಲಿಲ್ಲ. ಹೆಸರು ಒಂದೇ ಆಗಿದ್ದರೂ ಸಾಲದು. ನೀರುಗಂಟಿ ಅನ್ನೋದು ಕೆಲಸದ ಹೆಸರು, ವಂಶದ ಬಳ್ಳಿಯ ಹೆಸರಲ್ಲ. ಪಕ್ಕದೂರಿನ ನೀರುಗಂಟಿ ಮನೆಯಿಂದಲೇ ನಮ್ಮಜ್ಜಿಯನ್ನು ತಂದಿದ್ದರು. ಹಾಗಾಗಿ ಇಬ್ಬರು ನೀರುಗಂಟಿಗಳು ಸಿಕ್ಕರೆ ನೆಂಟರಾಗಿರಬಹುದು, ದಾಯಾದಿಗಳೇ ಅಂತ ಹೇಳೋ ಹಾಗಿಲ್ಲ. ದಾಯಾದಿ ಹೌದೋ ಅಲ್ಲವೋ ಅಂತ ತಿಳಿಯೋಕೆ ನಾನು ಎರಡು ಪ್ರಶ್ನೆ ಕೇಳುತ್ತಿದ್ದೆ: ನಿಮ್ಮ ಮನೆದೇವರು ಯಾವುದು? ನಿಮ್ಮ ಕುಲ ಯಾವುದು? ಇದನ್ನು ಗಂಡಸರಿಗಿಂತ ಹೆಂಗಸರು ಸರಿಯಾಗಿ ಹೇಳುತ್ತಾರೆ. ಮದುವೆ ಮಾತುಕತೆಯಲ್ಲಿ ಕೂತು ಕೂತು ಅವರಿಗೆ ಬಾಯಿಪಾಠ ಆಗಿರುತ್ತೆ. ಈ ಕೆಲಸಕ್ಕೆ ಇಳಿದವರು ಮನೆಯ ಹಿರಿಯ ಅತ್ತೆಯರ ಹತ್ತಿರ ಮೊದಲು ಕೂರಲಿ, ಕಚೇರಿಗೆ ಆಮೇಲೆ ಹೋಗಲಿ. ಕಚೇರಿಯ ಕಾಗದ ಮುಂದಿನ ವರ್ಷವೂ ಇರುತ್ತೆ.

ಅತ್ತೆಗೆ ನೆನಪಿದ್ದ ಒಂದು ಬೀದಿಯ ಗುರುತು ಹಿಡಿದು ಮಂಡ್ಯದಲ್ಲಿ ನಾಲ್ಕು ಭಾನುವಾರ ತಿರುಗಿದೆ. ಕೊನೆಗೆ ಒಂದು ಮನೆಯಲ್ಲಿ ನನ್ನಷ್ಟೇ ವಯಸ್ಸಿನವರೊಬ್ಬರು ಬಾಗಿಲು ತೆಗೆದರು. ಮನೆದೇವರು ಹೊಂದಿತು. ಕುಲ ಹೊಂದಿತು. ನೀರುಗಂಟಿ ಅಂದೆ. ಅವರು ತಲೆ ಅಲ್ಲಾಡಿಸಿದರು. “ಆ ಹೆಸರು ನಮ್ಮಲ್ಲಿ ಇಲ್ಲ ಅಣ್ಣ” ಅಂದರು. ಕಾಫಿ ಕೊಟ್ಟರು. ಹೊರಡುವ ಹೊತ್ತಿಗೆ ಏನೋ ನೆನಪಾಗಿ ಒಳಗೆ ಹೋಗಿ ಕಬ್ಬಿಣದ ಪೆಟ್ಟಿಗೆಯಿಂದ ಅವರ ಅಪ್ಪನ ಶಾಲೆಯ ಟಿ.ಸಿ. ತಂದರು. ಮಡಿಕೆ ಬಿದ್ದಲ್ಲೆಲ್ಲ ಹರಿದಿತ್ತು. ಹೆಸರಿನ ಮುಂದೆ ‘ಎನ್.’ ಇತ್ತು.

“ಇದು ನಂಜನಗೂಡು ಅಂದ್ಕೊಂಡಿದ್ದೆ” ಅಂದರು. “ನಮ್ಮೋರು ಅಲ್ಲಿಂದ ಬಂದಿರಬೇಕು ಅಂತ ಮಕ್ಕಳಿಗೂ ಹೇಳಿದ್ದೆ.”

ನಾನು ಚೀಲದಿಂದ ಮರುಮಂಜೂರಿನ ನಕಲು ತೆಗೆದು ಟಿ.ಸಿ. ಪಕ್ಕದಲ್ಲಿ ಇಟ್ಟೆ. ಅವರು ಮೂರು ಹೆಬ್ಬೆಟ್ಟನ್ನೂ ಒಂದೊಂದಾಗಿ ನೋಡಿದರು. ನಾಲ್ಕನೆಯದು ಎಲ್ಲಿರಬೇಕಿತ್ತೋ ಆ ಖಾಲಿ ಜಾಗದ ಮೇಲೆ ಬೆರಳಿಟ್ಟರು. ಆಮೇಲೆ ಹೆಂಡತಿಯನ್ನು ಕರೆದರು, ಮಕ್ಕಳನ್ನು ಕರೆದರು, ಫೋನ್ ಮಾಡಿ ಬೆಂಗಳೂರಿನ ತಮ್ಮನಿಗೆ ಓದಿ ಹೇಳಿದರು.

“ಅಣ್ಣ, ಇದರದ್ದು ಇನ್ನೊಂದು ನಕಲು ಸಿಗುತ್ತಾ?” ಅಂತ ಕೇಳಿದರು. ಕೈಯಲ್ಲಿದ್ದದ್ದನ್ನೇ ಕೊಟ್ಟು ಬಂದೆ.