ಕಲ್ಲಿಗೆ ಉಪ್ಪಿನಕಾಯಿ ಹಾಕಿದ ಕತೆ

"ಶಿವಮೊಗ್ಗದಲ್ಲಿ ಉಪ್ಪುನೀರಿನ ಟ್ಯಾಂಕ್ ನಿಲ್ಲಲ್ಲ ಸರ್, ಸುಮ್ನೆ ದುಡ್ಡು ದಂಡ." ಅಕ್ವೇರಿಯಂ ಅಂಗಡಿಯವರೊಬ್ಬರು ನನಗೆ ಹೀಗೆ ಹೇಳಿ ಎರಡು ಮಳೆಗಾಲ ಕಳೆಯಿತು. ಮೊದಲ ಮಳೆಗಾಲದಲ್ಲಿ ಅವರು ಹೇಳಿದ ಹಾಗೇ ಆಯಿತು, ಒಪ್ಪಿಕೊಳ್ಳುತ್ತೇನೆ. ಎರಡನೆಯದರಲ್ಲಿ ಆಗಲಿಲ್ಲ. ಮೂರಡಿ ಟ್ಯಾಂಕು, ಹೆಚ್ಚುಕಮ್ಮಿ 190 ಲೀಟರು, ಎಂಟನೇ ತಿಂಗಳಿಗೆ ಬಿದ್ದಿದೆ. ಎರಡು ಕ್ಲೌನ್ ಮೀನು, ಐದಾರು ಹರ್ಮಿಟ್ ಏಡಿ, ಸಮುದ್ರದ ಬಸವನಹುಳುಗಳು, ಎಲ್ಲ ಆರಾಮಾಗಿವೆ. ನನ್ನ ಪ್ರಕಾರ ಇದರಲ್ಲಿ ಮುಕ್ಕಾಲು ಪಾಲು ಕೆಲಸ ಕಲ್ಲಿನದು. ಅದರ ತೂತುಗಳಲ್ಲಿ ಮನೆ ಮಾಡುವ ಬ್ಯಾಕ್ಟೀರಿಯಾ ಮೀನಿನ ಹೊಲಸಿನಿಂದ ಬರುವ ವಿಷದ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ವಿಷವಲ್ಲದ ನೈಟ್ರೇಟ್ ಮಾಡುತ್ತದೆ. ಫಿಲ್ಟರ್, ಲೈಟು ಎಲ್ಲರಿಗೂ ಗೊತ್ತಿರುವ ವಿಷಯ, ಅದನ್ನು ಬಿಡುತ್ತೇನೆ.

ಲೈವ್ ರಾಕ್, ಅಂದರೆ ಸಮುದ್ರದಿಂದ ಜೀವಿಗಳ ಸಮೇತ ತೆಗೆದ ಹವಳದ ಕಲ್ಲು, ಅದರ ಆಸೆಯನ್ನು ಮೊದಲೇ ಬಿಟ್ಟಿದ್ದೆ. "ಮುರ್ಡೇಶ್ವರಕ್ಕೆ ಹೋದಾಗ ನಾಲ್ಕು ಹವಳದ ಕಲ್ಲು ಎತ್ಕೊಂಡು ಬಾ" ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಗಟ್ಟಿ ಹವಳಗಳು 2001ರಿಂದಲೂ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ. ಸತ್ತು ಬಿಳಿಚಿದ್ದಾದರೂ ಮುಟ್ಟುವ ಹಾಗಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಟ್ಯಾಂಕ್ ಮುಚ್ಚಿದ ಒಬ್ಬರಿಂದ ಫ್ಯಾಕ್ಟರಿಯಲ್ಲಿ ಮಾಡಿದ ಡ್ರೈ ರಾಕ್ ತಗೊಂಡೆ. ಸೆಕೆಂಡ್ ಹ್ಯಾಂಡ್, ಸುಮಾರು 40 ಕೆಜಿ, ಕೆಜಿಗೆ 150 ರೂಪಾಯಿಯಂತೆ. ಒಣಗಿದ ಪಾಚಿ, ಸ್ಪಾಂಜು, ಹುಳದ ಕೊಳವೆ ಎಲ್ಲ ಅಂಟಿಕೊಂಡಿದ್ದವು. ಮೂರು ಗೋಣಿಚೀಲ ಬಿಚ್ಚಿದಾಗ ಬಂದ ವಾಸನೆಗೆ ಶಿವಮೊಗ್ಗದ ಮನೆಯಲ್ಲಿ ಜಾಗ ಸಿಗಲಿಲ್ಲ. ತೀರ್ಥಹಳ್ಳಿ ಹತ್ತಿರದ ನಮ್ಮ ಊರಿನ ಮನೆಗೆ, ಕೊಟ್ಟಿಗೆ ಪಕ್ಕಕ್ಕೆ ಸಾಗಿಸಿದೆ.

ಮೊದಲ ತಪ್ಪು ಬ್ಲೀಚಿಂಗ್ ಪೌಡರ್. ಅಂಟಿದ ಕೊಳೆ ಸುಡಲು, ಅಗ್ಗ ಅಂತ ತಂದು ಕಲಸಿ ಹಾಕಿದೆ. ಅದರ ಸುಣ್ಣದಂಥ ಗಸಿ ಕಲ್ಲಿನ ತೂತುಗಳಲ್ಲೆಲ್ಲ ಕೂತುಬಿಟ್ಟಿತು. ತೂತಿಲ್ಲದ ಮೇಲೆ ಕಲ್ಲು ಯಾಕೆ ಬೇಕು? ಹಲ್ಲುಜ್ಜುವ ಬ್ರಷ್ ಹಿಡಿದು ಎರಡು ಭಾನುವಾರ ಕೂತೆ. ಆಮೇಲಿಂದ ದ್ರವದ ಬ್ಲೀಚ್ ಮಾತ್ರ, ಹತ್ತಕ್ಕೆ ಒಂದರ ಲೆಕ್ಕದಲ್ಲಿ, ಮೂರು ದಿನ.

ಎರಡನೇ ತಪ್ಪು ಡ್ರಮ್ಮು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಡಿಕೆ ತೋಟ ಇರುವ ಮನೆಯವರೆಲ್ಲ ಇದೇ ಹಳ್ಳಕ್ಕೆ ಬೀಳುತ್ತಾರೆ.

ಅರ್ಧ ಕಲ್ಲನ್ನು, ಅಂದರೆ 20 ಕೆಜಿಯಷ್ಟನ್ನು, ಮನೆಯಲ್ಲಿದ್ದ 200 ಲೀಟರಿನ ನೀಲಿ ಡ್ರಮ್ಮಿಗೆ ಹಾಕಿದ್ದೆ. "ತೊಳ್ದು ಬೋರಲು ಹಾಕಿದೀನಿ ಮಾರಾಯ, ಎಂತ ಆಗಲ್ಲ" ಅಂದರು ಅಪ್ಪ. ಎರಡೂವರೆ ತಿಂಗಳು ಪಂಪ್ ಓಡಿಸಿದೆ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಟ್ಯಾಂಕಿಗೆ ಜೋಡಿಸಿ ಕ್ಲೌನ್ ಬಿಟ್ಟೆ, ಚೆನ್ನಾಗಿದ್ದವು. ಬಸವನಹುಳು ಬಿಟ್ಟೆ, ಮೂರನೇ ದಿನಕ್ಕೆ ಅಂಗಾತ. ಏಡಿಗಳೂ ಚಿಪ್ಪಿನಿಂದ ಆಚೆ ಬಂದು ಸತ್ತವು. ಸಾಗಿಸುವಾಗ ಸುಸ್ತಾಗಿರಬೇಕು ಅಂತ ಇನ್ನೊಂದು ಸಲ ತರಿಸಿದೆ. ಅದೇ ಕತೆ. ಎರಡೂ ಸೇರಿ 1,800 ರೂಪಾಯಿ ನೀರಿಗೆ ಹೋಯಿತು.

ಕೊನೆಗೆ ಊರಿಗೆ ಹೋಗಿ ಡ್ರಮ್ಮಿನ ಮುಚ್ಚಳ ತಿರುಗಿಸಿ ತೆಗೆದು ಬಿಸಿಲಿಗೆ ಹಿಡಿದೆ. ಡ್ರಮ್ಮೇ ನೀಲಿ, ಹಾಗಾಗಿ ಅಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ. ಮುಚ್ಚಳದ ತಿರುಪಿನ ಸಂದಿಯಲ್ಲಿ, ಉಗುರು ಹಾಕಿದರೆ ಪುಡಿಪುಡಿಯಾಗಿ ಬರುವ ತಿಳಿನೀಲಿ ಹಕ್ಕಳೆ. ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್! ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಕಲಸುವ ಡ್ರಮ್ಮದು. ತಾಮ್ರವನ್ನು ಮೀನು ಅಷ್ಟಿಷ್ಟು ತಡೆಯುತ್ತದೆ, ಬಸವನಹುಳು, ಏಡಿ, ಸೀಗಡಿ ತಡೆಯೋದಿಲ್ಲ. ಸುಣ್ಣದ ಕಲ್ಲು ತಾಮ್ರವನ್ನು ಹೀರಿಕೊಂಡು ನಿಧಾನಕ್ಕೆ ಬಿಡುತ್ತಲೇ ಇರುತ್ತದೆ. ತಾಮ್ರದ ಟೆಸ್ಟ್ ಕಿಟ್ ತರಿಸಿ ನೋಡಿದೆ, ಬಣ್ಣ ಬಂತು. ಆ 20 ಕೆಜಿ ಕಲ್ಲು ಈಗ ಅಮ್ಮನ ಆಂಥೂರಿಯಂ ಕುಂಡಗಳ ಕೆಳಗಿದೆ. ಅಂಗಡಿಯವರಿಗೆ ಕಾರಣ ಹೇಳಲು ಹೋಗಲಿಲ್ಲ. ಅವರು "ನಾ ಅವತ್ತೇ ಹೇಳಿದ್ನಲ್ಲ" ಅಂದರು, ಕೇಳಿಕೊಂಡು ಬಂದೆ.

ಮುಂದಿನ ಮಳೆಗಾಲಕ್ಕೆ ಹೊಸ ಡ್ರಮ್ಮು, 1,300 ಕೊಟ್ಟ ನೆನಪು. ಉಳಿದಿದ್ದ 20 ಕೆಜಿಗೆ ಮೊದಲು ಬ್ಲೀಚು, ನಂತರ ಹೈಪೋ ಹರಳು (ಸೋಡಿಯಂ ಥಯೋಸಲ್ಫೇಟ್) ಹಾಕಿ ಕ್ಲೋರಿನ್ ತೆಗೆದು, ಒಂದು ವಾರ ತೊಳೆದು ಒಣಗಿಸಿದೆ. ಆಮೇಲೆ ಆ್ಯಸಿಡ್, ಬಾತ್‌ರೂಮ್ ತೊಳೆಯೋಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದಲ್ಲ, ಅದೇ. ನೀರಿಗೆ ಆ್ಯಸಿಡ್ ಹಾಕಬೇಕು, ಆ್ಯಸಿಡ್‌ಗೆ ನೀರಲ್ಲ. ಬ್ಲೀಚಿನ ಪಸೆ ಇರುವಾಗ ಆ್ಯಸಿಡ್ ತಾಗಿದರೆ ವಿಷದ ಗಾಳಿ ಏಳುತ್ತದೆ, ಅದಕ್ಕೇ ನಡುವೆ ಆ ವಾರ. ಬಯಲಿನಲ್ಲಿ, ಗ್ಲೌಸ್ ಮತ್ತು ಕನ್ನಡಕ ಹಾಕಿಕೊಂಡು, ಹತ್ತು ನಿಮಿಷ. ಬುಸ್ಸೆಂದು ನೊರೆ ಬಂದು ಮೇಲಿನ ಪದರ ಕರಗುತ್ತದೆ, ಅದರ ಜೊತೆ ಪಾಚಿಗೆ ಗೊಬ್ಬರವಾಗುವ ಹಳೇ ಫಾಸ್ಫೇಟೂ ಬಹುಪಾಲು ಹೋಗುತ್ತದೆ. ಮೊದಲ ಸಲ ಈ ಕೆಲಸ ಮಾಡಿರಲಿಲ್ಲ. ಅದಕ್ಕೇ ಕೂದಲು ಪಾಚಿ ಹೊಲದಲ್ಲಿ ಹುಲ್ಲು ಬಂದ ಹಾಗೆ ಬಂದಿತ್ತು.

ಇನ್ನು ತೊಳೆಯುವ ನೀರು. ಬೆಂಗಳೂರಿನವರು ಇದಕ್ಕೆ ಆರ್‌ಒ ನೀರು ಸುರಿಯುತ್ತಾರೆ. ನಾನು ಕಲ್ಲನ್ನು ಸೂರಿನ ಕೆಳಗೆ ಸಾಲಾಗಿ ಇಟ್ಟೆ. ಜುಲೈ ತಿಂಗಳು, ತೀರ್ಥಹಳ್ಳಿ ಮಳೆ, ಕೇಳಬೇಕೇ? ಹಗಲು ರಾತ್ರಿ ಸೂರಿನ ನೀರು ಕಲ್ಲಿನ ತಲೆ ಮೇಲೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಹಿಡಿದರೆ 15 ದಾಟುತ್ತಿರಲಿಲ್ಲ. ಆದರೆ ಹೆಂಚಿನ ಮನೆಯೇ ಆಗಬೇಕು, ತಗಡಿನ ಶೀಟಿನ ನೀರು ಬೇಡ, ಸತು ಬರುತ್ತದೆ. ಮೊದಲ ಒಂದು ವಾರದ ಮಳೆ ಹೆಂಚಿನ ಧೂಳು, ಪಾಚಿ ತೊಳೆಯಲಿ. ಮೂರು ವಾರವಾದ ಮೇಲೆ ಒಂದು ಕಲ್ಲನ್ನು ಬಕೆಟ್ಟಿನಲ್ಲಿ ಎರಡು ದಿನ ನೆನೆಸಿ ಫಾಸ್ಫೇಟ್ ನೋಡಿದೆ. ಮೊದಲು 0.6ರ ಹತ್ತಿರ ಇದ್ದದ್ದು 0.1ಕ್ಕೆ ಇಳಿದಿತ್ತು. ಅಲ್ಲಿಂದ 0.03ಕ್ಕೆ ಹೇಗೆ ಇಳಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಸೂರಿನ ಕೆಳಗೆ ಜಾಗ ಇತ್ತು ಅಂತ ಬೇರೆ ಆಟಗಳನ್ನೂ ಆಡಿದೆ. ಜಂಬಿಟ್ಟಿಗೆ ಕಲ್ಲು ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ, ಮೈಯೆಲ್ಲ ತೂತು. ಉಪ್ಪುನೀರಿನ ಬಕೆಟ್ಟಿಗೆ ಒಂದು ತುಂಡು ಹಾಕಿಟ್ಟೆ. ನೀರು ಕೆಂಪಾಯಿತು, ತುದಿ ಕೈಯಲ್ಲೇ ಉದುರಿತು. ಕಬ್ಬಿಣದ ಕಲ್ಲು ಅದು, ಬೇಡ. ಇನ್ನೊಂದು, ಸಿಮೆಂಟ್ ಒಂದು ಪಾಲು, ಹೊನ್ನಾವರದ ಕಡೆಯಿಂದ ತಂದ ಚಿಪ್ಪಿನ ಚೂರು ನಾಲ್ಕು ಪಾಲು, ತೂತಿಗೆ ಕಲ್ಲುಪ್ಪು ಸೇರಿಸಿ ನಾನೇ ಆರು ಕಲ್ಲು ಎರೆದೆ. ಎರಡು ಒಡೆದವು. ಉಳಿದ ನಾಲ್ಕರಲ್ಲಿ ಸಿಮೆಂಟಿನ ಕ್ಷಾರ ಇಳಿದು ಪಿಎಚ್ 8.4ಕ್ಕೆ ಬರಲು ಎರಡು ತಿಂಗಳು ಮಳೆ ಬೇಕಾಯಿತು. ಈಗ ಟ್ಯಾಂಕಿನ ಹಿಂಬದಿಯಲ್ಲಿ ಅಡಿಗಲ್ಲಾಗಿವೆ, ಯಾರಿಗೂ ಗುರುತು ಸಿಗಲ್ಲ.

ತೊಳೆದ ಕಲ್ಲಿನ ಜೊತೆ ಹೊಸ ಡ್ರಮ್ಮಿಗೆ 150 ಲೀಟರ್ ನೀರು, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ರೀಫ್ ಉಪ್ಪು, ಅಂದರೆ ನೀರನ್ನು ಸಮುದ್ರದ ನೀರಿನ ಹಾಗೆ ಮಾಡುವ ಅಕ್ವೇರಿಯಂ ಉಪ್ಪು. ಕುಡಿಯುವ ಆರ್‌ಒ ಮೆಷಿನ್ ಬಳಸುವವರು ಟಿಡಿಎಸ್ ಕಂಟ್ರೋಲ್ ಪೂರ್ತಿ ಮುಚ್ಚಿರಿ, ಇಲ್ಲದಿದ್ದರೆ ಬೋರ್ ನೀರೇ ಬೆರೆತು ಬರುತ್ತದೆ. ಅಮ್ಮ ಮಾವಿನ ಮಿಡಿ ಭರಣಿ ತೆಗೆಯಲು ಬಂದವರು ನಾನು ಉಪ್ಪು ತೂಗುವುದನ್ನು ನೋಡಿ, "ಎಂತದೋ ಇದು, ಕಲ್ಲಿಗೆ ಉಪ್ಪಿನಕಾಯಿ ಹಾಕ್ತಿದೀಯಾ?" ಅಂದರು.

ಬ್ಯಾಕ್ಟೀರಿಯಾ ಬೆಳೆಯಲು ಆಹಾರವಾಗಿ ಅಮೋನಿಯಾ ಬೇಕು, ಅದಕ್ಕೆ ನವಸಾಗರ (ಅಮೋನಿಯಂ ಕ್ಲೋರೈಡ್). ಕಲಾಯಿಯವರ ಹತ್ತಿರ ಇರುವುದೇ, ಆದರೆ ಲ್ಯಾಬ್ ಸಾಮಾನಿನ ಅಂಗಡಿಯ ಶುದ್ಧ ಪುಡಿ ತಗೊಳ್ಳಿ. 150 ಲೀಟರಿಗೆ ಒಂದು ಗ್ರಾಂ ಹಾಕಿದರೆ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಆಸುಪಾಸು ನಿಲ್ಲುತ್ತದೆ. ಹತ್ತು ದಿನ ಅಮೋನಿಯಾ ಅಲ್ಲಾಡಲಿಲ್ಲ. ಥರ್ಮಾಮೀಟರ್ ನೋಡಿದರೆ ನೀರು 21 ಡಿಗ್ರಿ! ಆ ಚಳಿಗೆ ಬ್ಯಾಕ್ಟೀರಿಯಾ ಏನು ಕೆಲಸ ಮಾಡೀತು? ಹೀಟರ್ ಹಾಕಿ 28ಕ್ಕೆ ಏರಿಸಿದೆ. ಹೀಟರ್ ಪ್ಲಾಸ್ಟಿಕ್ಕಿಗೆ ತಾಗದಂತೆ ಹೆಂಚಿನ ಚೂರಿಗೆ ಒರಗಿಸಿದ್ದೆ. ಬ್ಯಾಕ್ಟೀರಿಯಾದ ಬೀಜಕ್ಕೆ ಮಂಗಳೂರಿನ ಗೆಳೆಯನ ಟ್ಯಾಂಕಿನಿಂದ ಒಂದು ಹಿಡಿ ಗಾತ್ರದ ಕಲ್ಲನ್ನು ಒದ್ದೆ ಪೇಪರಿನಲ್ಲಿ ಸುತ್ತಿ ಆಗುಂಬೆ ಘಾಟಿಯ ಮಿನಿಬಸ್ಸಿನಲ್ಲಿ ತಂದೆ. ಅದರ ಜೊತೆ ಇನ್ನೊಂದು ವಸ್ತುವೂ ಬಂತು, ಅದನ್ನು ಹೇಳಲ್ಲ.

ನಡುವೆ ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟಿಲ್ಲ. ಡ್ರಮ್ಮಿನಿಂದ ಕೊಳೆತ ಮೊಟ್ಟೆ ವಾಸನೆ. ಅರ್ಧ ನೀರು ಬದಲಿಸಿ ಮತ್ತೆ ಶುರು. ಬ್ಯಾಟರಿ ಏರ್‌ಪಂಪ್ 600 ರೂಪಾಯಿಗೆ ಸಿಗುತ್ತದೆ, ಮೊದಲೇ ತಗೊಂಡಿಡಿ. ನೈಟ್ರೈಟ್ ಪೂರ್ತಿ ಇಳಿಯಲು ಏಳು ವಾರ ಆಯಿತು.

ಒಟ್ಟು ಖರ್ಚು ಕಲ್ಲಿಗೆ, ಉಪ್ಪಿಗೆ, ಟೆಸ್ಟ್ ಕಿಟ್ಟಿಗೆ, ಡ್ರಮ್ಮಿಗೆ ಸೇರಿ 15,000ದ ಆಚೀಚೆ. ಮೊದಲ ಸಲದ ದಂಡ ತೆಗೆದರೆ ಹತ್ತರಲ್ಲಿ ಮುಗಿಯುತ್ತಿತ್ತು. ಜೋಡಿಸುವಾಗ ಕಲ್ಲನ್ನು ಗಾಜಿನ ಮೇಲೇ ಕೂರಿಸಿ ಆಮೇಲೆ ಮರಳು ಹಾಕಿ. ಮರಳಿನ ಮೇಲೆ ಇಟ್ಟರೆ ಏಡಿ ಅಡಿಯಿಂದ ಕೊರೆದು ಒಂದು ರಾತ್ರಿ ಎಲ್ಲ ಕೆಡವುತ್ತದೆ.

ಹೋದ ವಾರ ಬಸವನಹುಳು ಗಾಜಿನ ಮೇಲೆ ಮೊಟ್ಟೆ ಇಟ್ಟಿದೆ. ಫೋಟೋ ತೆಗೆದು ಅಂಗಡಿಯವರಿಗೆ ತೋರಿಸಿದೆ. ಅವರು ಫೋನನ್ನು ಹತ್ತಿರ ಹಿಡಿದು ದೊಡ್ಡದು ಮಾಡಿ ನೋಡಿದರು. "ಉಪ್ಪು ಯಾವುದು ಸರ್?" ಅಂದರು.