ಅಪ್‌ಗ್ರೇಡ್ ಆದ ಮೇಲೆ ಡೇಟಾಬೇಸ್ ರೂಟ್ ಲಾಗಿನ್ ಆಗ್ತಿಲ್ವಾ? ಮೊದಲು ಎರರ್ ನಂಬರ್ ನೋಡಿ

ಬೆಳಗ್ಗೆ ನೋಡಿದರೆ ಬ್ಯಾಕಪ್ ಫೈಲ್ 20 ಬೈಟ್ ಇತ್ತು. ಹಿಂದಿನ ರಾತ್ರಿಯದು 340 ಎಂಬಿ. ನಡುವೆ ನಾನು ಮಾಡಿದ್ದು ಒಂದೇ ಕೆಲಸ: ಸರ್ವರ್‌ನ ಉಬುಂಟು 14.04 ಅನ್ನು 16.04ಕ್ಕೆ ಅಪ್‌ಗ್ರೇಡ್ ಮಾಡಿದ್ದು. ವೆಬ್‌ಸೈಟ್ ಚೆನ್ನಾಗಿಯೇ ಓಡುತ್ತಿತ್ತು, ಹಾಗಾಗಿ ಎಲ್ಲ ಸರಿಯಿದೆ ಅಂದುಕೊಂಡಿದ್ದೆ. 20 ಬೈಟ್ ಅಂದರೆ ಒಳಗೆ ಏನೂ ಇಲ್ಲದ ಜಿಜಿಪ್ (ಕಂಪ್ರೆಸ್ ಮಾಡಿದ) ಫೈಲ್. ಡೇಟಾವನ್ನು ಹೊರತೆಗೆದು ಕೊಡುವ ಡಂಪ್ ಕಮಾಂಡ್‌ಗೆ ಮೈಎಸ್‌ಕ್ಯೂಎಲ್ ಡೇಟಾಬೇಸ್ ಒಳಗೆ ಹೋಗಲು ಆಗಿರಲಿಲ್ಲ. ಜಿಜಿಪ್ ಪಾಪ, ಬಂದ ಖಾಲಿಯನ್ನೇ ಕಟ್ಟಿಟ್ಟಿತ್ತು.

ಅವತ್ತು ಗಾಬರಿಯಲ್ಲಿ ನಾನು ಮೊದಲು ಮಾಡಹೊರಟಿದ್ದು ಸ್ಕಿಪ್-ಗ್ರ್ಯಾಂಟ್-ಟೇಬಲ್ಸ್ ಎಂಬ ಆಪ್ಷನ್ ಹಾಕಿ ಪಾಸ್‌ವರ್ಡ್ ಬದಲಿಸುವ ಕೆಲಸ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಹಾಗೆ ಮಾಡಿದರೆ ಸರ್ವರ್ ಯಾರನ್ನೂ ಏನೂ ಕೇಳದೆ ಒಳಗೆ ಬಿಡುತ್ತದೆ. ಬಹಳ ಸಲ ಪಾಸ್‌ವರ್ಡ್‌ಗೆ ಏನೂ ಆಗಿರುವುದೇ ಇಲ್ಲ. ಮೈಎಸ್‌ಕ್ಯೂಎಲ್ ಕೊಡುವ ಎರರ್ ನಂಬರನ್ನು ಓದಿ, ಅರ್ಧ ಉತ್ತರ ಅದರಲ್ಲೇ ಇರುತ್ತದೆ.

ನನಗೆ ಬಂದಿದ್ದು 1698. ಇದರ ಅರ್ಥ, ರೂಟ್ ಅನ್ನು (ಎಲ್ಲ ಅಧಿಕಾರ ಇರುವ ಮುಖ್ಯ ಯೂಸರ್) ಗುರುತಿಸುವ ರೀತಿ ಬದಲಾಗಿದೆ. ಉಬುಂಟು 16.04ರಲ್ಲಿ ಮೈಎಸ್‌ಕ್ಯೂಎಲ್ 5.7 ಬಂದಾಗ, ರೂಟ್‌ಗೆ ಪಾಸ್‌ವರ್ಡ್ ಖಾಲಿ ಇದ್ದರೆ ಅದನ್ನು ಆತ್ ಸಾಕೆಟ್ ಎಂಬ ಪ್ಲಗಿನ್‌ಗೆ ಬದಲಿಸುವ ಏರ್ಪಾಡು ಬಂತು. ಈ ಪ್ಲಗಿನ್ ಪಾಸ್‌ವರ್ಡ್ ಕೇಳುವುದಿಲ್ಲ. ಕಮಾಂಡ್ ಕೊಡುತ್ತಿರುವ ಲಿನಕ್ಸ್ ಯೂಸರ್ ಯಾರು ಅಂತ ನೋಡುತ್ತದೆ. ಲಿನಕ್ಸ್‌ನಲ್ಲೂ ನೀವು ರೂಟ್ ಆಗಿದ್ದರೆ ಬಿಡುತ್ತದೆ, ಇಲ್ಲದಿದ್ದರೆ ಇಲ್ಲ. ನನ್ನ ಬ್ಯಾಕಪ್ ಸ್ಕ್ರಿಪ್ಟ್ ಸಾಮಾನ್ಯ ಯೂಸರ್ ಹೆಸರಲ್ಲಿ ಓಡುತ್ತಿತ್ತು, ಹಾಗಾಗಿ ಹೊರಗೆ ಉಳಿಯಿತು. ಮೈಎಸ್‌ಕ್ಯೂಎಲ್‌ನಿಂದಲೇ ಕವಲೊಡೆದ ಮಾರಿಯಾಡಿಬಿಯಲ್ಲಿ ಇದೇ ಕೆಲಸ ಮಾಡುವ ಪ್ಲಗಿನ್‌ಗೆ ಯುನಿಕ್ಸ್ ಸಾಕೆಟ್ ಅಂತ ಹೆಸರು.

ಪರೀಕ್ಷೆ ಸುಲಭ. ಟರ್ಮಿನಲ್‌ನಲ್ಲಿ ಹೀಗೆ ಕೊಡಿ (ಸುಡೊ ಹಾಕಿದರೆ ಕಮಾಂಡ್ ಲಿನಕ್ಸ್ ರೂಟ್ ಹೆಸರಲ್ಲಿ ಓಡುತ್ತದೆ):

ಸುಡೊ ಮೈಎಸ್‌ಕ್ಯೂಎಲ್

ಒಳಗೆ ಹೋಯಿತಾ? ಹಾಗಾದರೆ ಏನೂ ಕೆಟ್ಟಿಲ್ಲ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಯೂಸರ್ ಟೇಬಲ್‌ನಿಂದ ಯೂಸರ್, ಹೋಸ್ಟ್, ಪ್ಲಗಿನ್ ಈ ಮೂರು ಕಾಲಂ ಸೆಲೆಕ್ಟ್ ಮಾಡಿ ನೋಡಿ. ರೂಟ್ ಸಾಲಿನಲ್ಲಿ ಸಾಕೆಟ್ ಅಂತ ಕಾಣುತ್ತದೆ. ಸುಮ್ನೆ ನೋಡಿ ಸಾಕು, ಆ ಟೇಬಲ್ ಅನ್ನು ಅಪ್‌ಡೇಟ್ ಮಾಡಲು ಹೋಗಬೇಡಿ. ಮಾರಿಯಾಡಿಬಿ 10.4ರಿಂದ ಅದು ಟೇಬಲ್ಲೇ ಅಲ್ಲ, ವ್ಯೂ, ಅಂದರೆ ಬೇರೆ ಟೇಬಲ್‌ನ ಡೇಟಾವನ್ನು ತೋರಿಸುವ ನೋಟ ಮಾತ್ರ. ಹಳೆಯ ಪಾಸ್‌ವರ್ಡ್ ಫಂಕ್ಷನ್ ಕೂಡ ಮೈಎಸ್‌ಕ್ಯೂಎಲ್ 8ರಲ್ಲಿ ಇಲ್ಲ. ಏನೇ ಬದಲಾವಣೆ ಇದ್ದರೂ ಆಲ್ಟರ್ ಯೂಸರ್ ಕಮಾಂಡ್ ಮೂಲಕವೇ ಮಾಡಿ.

ಇಲ್ಲಿ ತುಂಬಾ ಜನ ರೂಟ್ ಅನ್ನು ಮತ್ತೆ ಪಾಸ್‌ವರ್ಡ್‌ಗೆ ತಿರುಗಿಸುತ್ತಾರೆ. ನಾನು ಮಾಡಲಿಲ್ಲ. ಬ್ಯಾಕಪ್‌ಗೆ ರೂಟ್ ಯಾಕೆ ಬೇಕು, ಅಲ್ವಾ? ಬ್ಯಾಕಪ್‌ಗೆ ಅಂತಲೇ ಬೇರೆ ಯೂಸರ್ ಮಾಡಿ, ಸೆಲೆಕ್ಟ್, ಲಾಕ್ ಟೇಬಲ್ಸ್, ಶೋ ವ್ಯೂ, ಟ್ರಿಗರ್, ಇವೆಂಟ್ ಇಷ್ಟು ಅನುಮತಿ ಕೊಟ್ಟೆ. ಮೈಎಸ್‌ಕ್ಯೂಎಲ್ 8.0.21ರಿಂದ ಡಂಪ್ ಕಮಾಂಡ್ ಪ್ರೋಸೆಸ್ ಅನುಮತಿಯನ್ನೂ ಕೇಳುತ್ತದೆ. ಅದನ್ನು ಕೊಡಲು ಇಷ್ಟವಿಲ್ಲದಿದ್ದರೆ ನೋ-ಟೇಬಲ್‌ಸ್ಪೇಸಸ್ ಆಪ್ಷನ್ ಹಾಕಿ. ಪಾಸ್‌ವರ್ಡ್ ಅನ್ನು ಹೋಮ್ ಫೋಲ್ಡರ್‌ನ ಡಾಟ್ ಮೈ ಡಾಟ್ ಸಿಎನ್‌ಎಫ್ ಫೈಲ್‌ನಲ್ಲಿಟ್ಟು, ಅದರ ಪರ್ಮಿಷನ್ 600 (ಫೈಲ್ ಮಾಲೀಕರಿಗೆ ಮಾತ್ರ ಓದಲು, ಬರೆಯಲು ಬರುವಂತೆ) ಮಾಡಿ.

ಸುಡೊ ಹಾಕಿದರೂ 1045 ಬಂದರೆ ಕಥೆ ಬೇರೆ. ಆಗ ರೂಟ್‌ಗೆ ಪಾಸ್‌ವರ್ಡ್ ಇದೆ, ನೀವು ಕೊಟ್ಟಿದ್ದು ತಪ್ಪು ಅಥವಾ ಕೊಟ್ಟೇ ಇಲ್ಲ. ಎರರ್ ಕೊನೆಯಲ್ಲಿ ಯೂಸಿಂಗ್ ಪಾಸ್‌ವರ್ಡ್ ಎಸ್ ಇದೆಯೋ ನೋ ಇದೆಯೋ ನೋಡಿ. ನೋ ಅಂತಿದ್ದರೆ ಸುಡೊ ಮೈಎಸ್‌ಕ್ಯೂಎಲ್ ಆದ ಮೇಲೆ ಕೊನೆಗೆ -ಪಿ ಸೇರಿಸಿ, ಅಷ್ಟೇ. ನಿಜವಾಗಿಯೂ ಮರೆತಿದ್ದರೆ, ಉಬುಂಟುವಿನ ಮೈಎಸ್‌ಕ್ಯೂಎಲ್‌ನಲ್ಲಿ ಇನ್ನೊಂದು ಬಾಗಿಲಿದೆ. ಇಟಿಸಿ ಒಳಗಿನ ಮೈಎಸ್‌ಕ್ಯೂಎಲ್ ಫೋಲ್ಡರ್‌ನಲ್ಲಿ ಡೆಬಿಯನ್ ಡಾಟ್ ಸಿಎನ್‌ಎಫ್ ಅಂತ ಫೈಲ್ ಇರುತ್ತದೆ. ಸುಡೊ ಜೊತೆ ಡಿಫಾಲ್ಟ್ಸ್-ಫೈಲ್ ಆಪ್ಷನ್‌ಗೆ ಅದರ ದಾರಿ ಕೊಟ್ಟರೆ ಡೆಬಿಯನ್-ಸಿಸ್-ಮೇಂಟ್ ಎಂಬ ಯೂಸರ್ ಆಗಿ ಒಳಗೆ ಹೋಗುತ್ತೀರಿ. ಅಲ್ಲಿಂದ ಆಲ್ಟರ್ ಯೂಸರ್ ಕೊಟ್ಟು ರೂಟ್ ಪಾಸ್‌ವರ್ಡ್ ಬದಲಿಸಿ. ಸರ್ವರ್ ನಿಲ್ಲಿಸುವ ಅಗತ್ಯವೇ ಇಲ್ಲ.

ಅದೂ ಆಗದಿದ್ದರೆ, ಸರ್ವರ್ ಶುರುವಾಗುವಾಗ ಓದಿ ನಡೆಸುವ ಇನಿಟ್-ಫೈಲ್ ಬಳಸಿ. ಆಲ್ಟರ್ ಯೂಸರ್ ಸಾಲನ್ನು ಒಂದು ಫೈಲ್‌ನಲ್ಲಿ ಬರೆದು, ಕಾನ್ಫಿಗ್‌ನ ಮೈಎಸ್‌ಕ್ಯೂಎಲ್‌ಡಿ ಭಾಗದಲ್ಲಿ ಅದರ ದಾರಿ ಕೊಟ್ಟು ರೀಸ್ಟಾರ್ಟ್ ಮಾಡಿ. ಫೈಲ್ ಅನ್ನು ಹೋಮ್ ಫೋಲ್ಡರ್‌ನಲ್ಲಿಟ್ಟರೆ ಉಬುಂಟುವಿನ ಆಪ್‌ಆರ್ಮರ್ ಎಂಬ ಭದ್ರತಾ ವ್ಯವಸ್ಥೆ ಓದಲು ಬಿಡುವುದಿಲ್ಲ. ವಾರ್ ಫೋಲ್ಡರ್‌ನ ಲಿಬ್ ಒಳಗಿನ ಮೈಎಸ್‌ಕ್ಯೂಎಲ್-ಫೈಲ್ಸ್ ಫೋಲ್ಡರ್‌ನಲ್ಲಿಡಿ, ಮೈಎಸ್‌ಕ್ಯೂಎಲ್ ಯೂಸರ್‌ಗೆ ಓದಲು ಬರುವಂತೆ ನೋಡಿಕೊಳ್ಳಿ. ಕೆಲಸ ಮುಗಿದ ಕೂಡಲೇ ಆ ಫೈಲನ್ನೂ ಕಾನ್ಫಿಗ್ ಸಾಲನ್ನೂ ಅಳಿಸಿ, ಯಾಕೆಂದರೆ ಪಾಸ್‌ವರ್ಡ್ ಅದರಲ್ಲಿ ಹಾಗೇ ಕಾಣುವಂತೆ ಬರೆದಿರುತ್ತದೆ.

2002 ಬಂದರೆ ಸಾಮಾನ್ಯವಾಗಿ ಸರ್ವರೇ ಓಡುತ್ತಿಲ್ಲ ಅಂತ, ಪಾಸ್‌ವರ್ಡ್ ಮಾತೇ ಇಲ್ಲ. ಎರರ್ ಲಾಗ್ ಓದಿ. ಮೈಎಸ್‌ಕ್ಯೂಎಲ್ 8ಕ್ಕೆ ಹೋದವರಿಗೆ ಆಗಾಗ ಸಿಗುವ ಕಾರಣ ಕಾನ್ಫಿಗ್‌ನಲ್ಲಿ ಉಳಿದ ಕ್ವೆರಿ ಕ್ಯಾಶ್ ಸೈಜ್ ಸಾಲು. ಆ ಸೌಲಭ್ಯವನ್ನೇ 8ರಲ್ಲಿ ತೆಗೆದಿದ್ದಾರೆ. ಗೊತ್ತಿಲ್ಲದ ಸಾಲು ಕಂಡರೆ ಸರ್ವರ್ ಶುರುವೇ ಆಗುವುದಿಲ್ಲ. ಸಾಲು ತೆಗೆದು ಸ್ಟಾರ್ಟ್ ಮಾಡಿ.

ಇನ್ನು 1524, ಪ್ಲಗಿನ್ ಲೋಡ್ ಆಗಿಲ್ಲ ಎಂಬ ಎರರ್. ಮೈಎಸ್‌ಕ್ಯೂಎಲ್ 8.4ರಲ್ಲಿ ನೇಟಿವ್ ಪಾಸ್‌ವರ್ಡ್ ಎಂಬ ಹಳೆಯ ಪ್ಲಗಿನ್ ತಾನಾಗಿ ಆನ್ ಆಗಿರುವುದಿಲ್ಲ. ಕಾನ್ಫಿಗ್‌ನಲ್ಲಿ ಅದನ್ನು ಆನ್ ಮಾಡಿ ಒಳಗೆ ಹೋಗಿ, ಹಳೆಯ ಯೂಸರ್‌ಗಳನ್ನು ಒಬ್ಬೊಬ್ಬರಾಗಿ ಕ್ಯಾಶಿಂಗ್ ಶಾ2 ಪಾಸ್‌ವರ್ಡ್ ಎಂಬ ಹೊಸ ಪ್ಲಗಿನ್‌ಗೆ ಬದಲಿಸಿ. 9.0ರಲ್ಲಿ ಹಳೆಯ ಪ್ಲಗಿನ್ ಪೂರ್ತಿ ಹೋಗಿದೆ, ಹಾಗಾಗಿ ಅಲ್ಲಿಗೆ ಹೋಗುವ ಮುಂಚೆಯೇ ಮಾಡಿ.

ಬ್ಯಾಕಪ್ ಸ್ಕ್ರಿಪ್ಟ್‌ಗೂ ಅವತ್ತೇ ಒಂದು ಸಾಲು ಸೇರಿಸಿದೆ: ಸೆಟ್ -ಓ ಪೈಪ್‌ಫೇಲ್. ಇದಿದ್ದರೆ ಬ್ಯಾಶ್‌ನಲ್ಲಿ ಡಂಪ್ ಸೋತಾಗ, ಜಿಜಿಪ್ ಗೆದ್ದರೂ, ಇಡೀ ಸಾಲು ಸೋತಂತೆ ಲೆಕ್ಕ. ಸೋತರೆ ನನಗೆ ಮೇಲ್ ಕಳಿಸುವಂತೆಯೂ ಬರೆದೆ. ಮಾರನೇ ದಿನ ಎದ್ದು ಮೊದಲು ಫೋಲ್ಡರ್ ತೆರೆದೆ. ಫೈಲ್ 341 ಎಂಬಿ ಇತ್ತು.