ಟ್ರೌಟ್ ಹೊಳೆಯಲ್ಲಿ ದೋಣಿ ತಳ ತಾಗದಂತೆ ನಡೆಸೋದು

ಅಮೆರಿಕದ ಅರ್ಕನ್ಸಾಸ್‌ನ ವೈಟ್ ರಿವರ್‌ಗೆ ಟ್ರೌಟ್ ಮೀನು ಹಿಡಿಯಲು ಹೊರಟವರು ಮೊದಲು ಬುಲ್ ಶೋಲ್ಸ್ ಅಣೆಕಟ್ಟಿನ ವಿದ್ಯುತ್ ಉತ್ಪಾದನೆಯ ವೇಳಾಪಟ್ಟಿ ನೋಡಿ. ಅಲ್ಲಿ 8 ಜನರೇಟರ್‌ಗಳಿವೆ. ಅವು ನಿಂತಿದ್ದರೆ ಕೆಲವು ಕಡೆ ನೀರು ಮೊಣಕಾಲಿಗೂ ಬರುವುದಿಲ್ಲ. ಶುರುವಾದರೆ ಅವುಗಳ ಮೂಲಕ ಅಣೆಕಟ್ಟಿನ ನೀರು ಹೊರಬಂದು ಅದೇ ಜಾಗದಲ್ಲಿ ಹೊಳೆ ಉಕ್ಕುತ್ತದೆ. ವೇಳಾಪಟ್ಟಿಯೂ ದಿಢೀರ್ ಬದಲಾಗಬಹುದು, ಅದನ್ನೇ ಪೂರ್ತಿ ನಂಬಬೇಡಿ.

ನೀರು ಕಡಿಮೆ ಇದ್ದಾಗ ಮೇಲ್ಮೈಯನ್ನು ಓದಬೇಕು. ಕೆಳಹರಿವಿನ ಕಡೆ ಚೂಪಾಗುವ ನಯವಾದ 'ವಿ' ಆಕಾರ ಕಂಡರೆ ಅದೇ ದಾರಿ. ಚೂಪು ಮೇಲ್ಹರಿವಿನ ಕಡೆ ಇದ್ದರೆ ಅಲ್ಲಿ ಬಂಡೆ ಕೂತಿದೆ ಅಂತ ಅರ್ಥ. ತಿರುವಿನಲ್ಲಿ ಸಾಮಾನ್ಯವಾಗಿ ಹೊರದಂಡೆ ಆಳ, ಒಳದಂಡೆಯಲ್ಲಿ ಜಲ್ಲಿ. ನೀರಿನ ಮೇಲಿನ ಹೊಳಪು ತಡೆಯುವ ಪೋಲರಾಯ್ಡ್ ಕನ್ನಡಕ ಹಾಕಿಕೊಂಡರೆ ತಳ ಚೆನ್ನಾಗಿ ಕಾಣುತ್ತದೆ. ನಾನು ಅದನ್ನು ಸುಮ್ನೆ ಸ್ಟೈಲ್ ಅಂದುಕೊಂಡಿದ್ದೆ, ಒಂದು ಪ್ರೊಪೆಲರ್ ಹೋದ ಮೇಲೆ ಬುದ್ಧಿ ಬಂತು!

ಜಲ್ಲಿ ದಿಬ್ಬ ದಾಟುವಾಗ ಮೋಟಾರನ್ನು ಸ್ವಲ್ಪ ಮೇಲಕ್ಕೆತ್ತಿ, ನಿಧಾನವಾಗಿ ಹೋಗಿ. ತಳ ತಾಗಿದರೆ ರೇಸ್ ಮಾಡಬೇಡಿ, ಮೋಟಾರ್ ಆಫ್ ಮಾಡಿ ಕೋಲಿನಿಂದ ತಳ್ಳಿ.

ಲಂಗರಿನ ವಿಷಯದಲ್ಲಿ ಮಾತ್ರ ನಾನು ಹಠಮಾರಿ. ನೀರು ಏರುತ್ತಿರುವಾಗ ಅದನ್ನು ಇಳಿಸಲೇಬೇಡಿ, ಅದರಲ್ಲೂ ಹಿಂಬದಿಯಿಂದ. ಸೆಳೆತಕ್ಕೆ ದೋಣಿ ಕ್ಷಣದಲ್ಲಿ ಮುಳುಗುತ್ತದೆ. ನೀರು ತಣ್ಣಗೆ ಕೊರೆಯುತ್ತದೆ, ಬೇಸಿಗೆಯಲ್ಲೂ. ಲೈಫ್ ಜಾಕೆಟ್ ಮೈಮೇಲಿರಲಿ, ಸೀಟಿನ ಕೆಳಗಲ್ಲ.